ಹನ್ನೊಂದು ದಿನದ ಎಂ.ಎಸ್ಸಿ.



ವಿದ್ಯಾರ್ಥಿಜೀವನದ ಒಂದು ತಿರುವನ್ನು ಕುರಿತು ಮಾತನಾಡಿ ಎಂದು ಆಕಾಶವಾಣಿಯ ಗೆಳೆಯರು ಕೇಳಿದಾಗ ನಾನು ಕೊಂಚ ಹಿಂಜರಿದೆ. ತಿರುವು ಎಂಬ ಮಾತಿನಲ್ಲಿಯೇ ಆತ್ಮಪ್ರಶಂಸೆಯ ಒಂದು ಎಳೆ ಇದೆ. ದಾರಿ ಬದಲಿಸಿದವನು ಮುಂದೆ ಹೇಗೋ ಬದುಕಿಕೊಂಡರೆ ಜನ ಅದನ್ನು ತಿರುವು ಎನ್ನುತ್ತಾರೆ. ಬದುಕಿಕೊಳ್ಳದೆ ಹೋದರೆ ಅದನ್ನೇ ಎಡವಟ್ಟು ಎನ್ನುತ್ತಾರೆ. ನಾನು ಮಾಡಿದ್ದು ಇವೆರಡರಲ್ಲಿ ಯಾವುದೆಂದು ಆರು ವರ್ಷಗಳವರೆಗೆ ನನಗೇ ತಿಳಿದಿರಲಿಲ್ಲ. 1981ರ ಆಗಸ್ಟ್ ತಿಂಗಳಲ್ಲಿ ನಾನು ಮೈಸೂರಿನಲ್ಲಿ ಹನ್ನೊಂದು ದಿನ ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಯಾಗಿದ್ದೆ. ಹನ್ನೆರಡನೆಯ ದಿನ ಕನ್ನಡ ಎಂ.ಎ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನಡೆದದ್ದು ಇಷ್ಟೇ. ಇದನ್ನು ಹೇಳುವುದಕ್ಕೆ ಇಪ್ಪತ್ತು ನಿಮಿಷ ಬೇಕೇ ಎಂದು ತಾವು ಕೇಳಬಹುದು. ಅಷ್ಟು ಬೇಕಾಗುವುದು ನನ್ನ ಅಣ್ಣನ ದೆಸೆಯಿಂದ.

ನಮ್ಮದು ಹುಣಸೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನನಗಿಂತ ಆರು ವರ್ಷ ಹಿರಿಯನಾದ ಅಣ್ಣ ಆಗ ಎಸ್ಸೆಸ್ಸೆಲ್ಸಿಯಲ್ಲಿದ್ದ. ಪರೀಕ್ಷೆಗೆ ಮೂರು ತಿಂಗಳಿರುವಾಗ ಪುಸ್ತಕಗಳನ್ನು ಅಟ್ಟದ ಮೇಲಿಟ್ಟು ನೇಗಿಲು ಹಿಡಿದ. ನಮಗಿದ್ದದ್ದು ಎರಡೂವರೆ ಎಕರೆ ಖುಷ್ಕಿ ಭೂಮಿ. ನಮ್ಮ ಕಡೆ ಆಗ ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯ ಹಬ್ಬುತ್ತಿದ್ದ ಕಾಲ. ಊರಿನ ಇತರರಂತೆ ಅಣ್ಣನೂ ಸಾಲ ಮಾಡಿ ಒಂದು ಬ್ಯಾರನ್ ಕಟ್ಟಿಸಿದ. ಎಲೆಯನ್ನು ಬೇಯಿಸಿ ಹದಮಾಡುವ ಎತ್ತರದ ಮಣ್ಣಿನ ಮನೆಗೆ ನಮ್ಮಲ್ಲಿ ಬ್ಯಾರನ್ ಎನ್ನುತ್ತಾರೆ. ಆ ಮನೆಯ ಹೊಗೆಯಿಂದ ನನ್ನ ಬಿ.ಎಸ್ಸಿ. ಪದವಿ ಬಂತು ಎಂದರೆ ಅತಿಶಯೋಕ್ತಿಯಾಗದು.

ನಾನು ರಸಾಯನಶಾಸ್ತ್ರವನ್ನು ದ್ವೇಷಿಸಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸಾಹಿತ್ಯದ ಅಧ್ಯಾಪಕರು ತಮ್ಮ ಪೂರ್ವಾಶ್ರಮದ ವಿಜ್ಞಾನವನ್ನು ಹೀಗಳೆಯುವುದು ಒಂದು ಚಾಳಿಯಾಗಿದೆ. ಲವಣ ವಿಶ್ಲೇಷಣೆಯ ಪ್ರಯೋಗವನ್ನು ನಾನು ಹಬ್ಬದಂತೆ ಎದುರುನೋಡುತ್ತಿದ್ದೆ. ಹೆಸರಿಲ್ಲದ ಬಿಳಿಯ ಪುಡಿಯನ್ನು ಒಂದು ಪೊಟ್ಟಣದಲ್ಲಿ ಕೊಡುತ್ತಿದ್ದರು. ಅದು ಏನೆಂದು ಮೂರು ಗಂಟೆಯೊಳಗೆ ಹೇಳಬೇಕು. ಪ್ರನಾಳದಲ್ಲಿ ಫೆರಸ್ ಸಲ್ಫೇಟ್ ದ್ರಾವಣ ಬೆರೆಸಿ, ಗೋಡೆಯ ಗುಂಟ ಗಂಧಕಾಮ್ಲವನ್ನು ಮೆಲ್ಲಗೆ ಇಳಿಬಿಟ್ಟಾಗ, ಎರಡು ದ್ರವಗಳು ಕೂಡುವ ಗೆರೆಯಲ್ಲಿ ಕಂದುಬಣ್ಣದ ಉಂಗುರವೊಂದು ಮೂಡಿದರೆ ಪುಡಿಯಲ್ಲಿ ನೈಟ್ರೇಟ್ ಇದೆ ಎಂದರ್ಥ. ಕೈ ಅಲುಗಿದರೆ ಉಂಗುರ ಕದಡಿಹೋಗುತ್ತದೆ. ಆ ಉಂಗುರವನ್ನು ಮೊದಲ ಸಲ ಕಂಡ ದಿನ ನನಗೆ ಊಟ ಸೇರಲಿಲ್ಲ. ಕಿಪ್ಸ್ ಉಪಕರಣದಿಂದ ಬರುವ ಕೊಳೆತ ಮೊಟ್ಟೆಯ ವಾಸನೆ ಅಂಗಿಗೆ ಅಂಟಿಕೊಂಡು, ಹುಣಸೂರಿನ ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುತ್ತಿದ್ದರು. ಅದೂ ನನಗೆ ಒಂದು ಬಗೆಯ ಹೆಮ್ಮೆಯೇ ಆಗಿತ್ತು.

ಹಾಗಿದ್ದವನು ಕೆಟ್ಟದ್ದು ಹುಲಿಯಿಂದ. ಹುಲಿಯಿಂದ ಮತ್ತು ಹುಳಿಯಿಂದ.

ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯಲ್ಲಿದ್ದವನು ತುಳುನಾಡಿನ ಹುಡುಗ. ನವರಾತ್ರಿಯ ಹುಲಿವೇಷದ ಮಾತು ಬಂದಾಗ ಅವನು ಹುಲಿಗೆ 'ಪಿಲಿ' ಎಂದ. ನಮ್ಮ ಅಡುಗೆಯವರು ತಮಿಳರು. ಅವರು 'ಪುಲಿ' ಎಂದರು. ಅದೇ ಅಡುಗೆಯವರು ಸಾರಿಗೆ ಹಾಕುವ ಹುಣಿಸೆಯನ್ನು 'ಪುಳಿ' ಎಂದರು. ತುಳುನಾಡಿನ ಗೆಳೆಯನೂ ಅದನ್ನು ಪುಳಿ ಎಂದೇ ಅಂದ. ನಾನು ಇದನ್ನು ನಗೆಯ ಮಾತೆಂದುಕೊಂಡು ಮಲಗಿದವನು ನಿದ್ದೆ ಬಾರದೆ ಎದ್ದು ಕುಳಿತೆ. ಅವರ ಪುಲಿ ನಮ್ಮ ಹುಲಿ, ಅವರ ಪುಳಿ ನಮ್ಮ ಹುಳಿ, ಅವರ ಪಾಲ್ ನಮ್ಮ ಹಾಲು, ಅವರ ಪಲ್ ನಮ್ಮ ಹಲ್ಲು, ಅವರ ಪೂ ನಮ್ಮ ಹೂ. ಅಡುಗೆಯವರು ಸಕ್ಕರೆಯ ಪಾಕವನ್ನು ಬೆರಳಲ್ಲಿ ನೋಡಿ 'ಪದಂ' ಬಂತು ಎನ್ನುತ್ತಿದ್ದರು. ಅದು ನಮ್ಮ 'ಹದ'. ಭಾಷಾಪತ್ರಿಕೆಗೆ ನಮಗಿದ್ದ ವಡ್ಡಾರಾಧನೆಯ ಒಂದು ಕಥೆಯನ್ನು ಆ ರಾತ್ರಿಯೇ ತೆರೆದು ನೋಡಿದೆ. ಅಲ್ಲಿಯೂ ಪಾಲು, ಪೂವು, ಪಳ್ಳಿ! ಅದುವರೆಗೆ ಹಳಗನ್ನಡವೆಂದರೆ ಬೇಕೆಂದೇ ಕಠಿಣಮಾಡಿದ ಕನ್ನಡ ಎಂದು ನಾನು ಭಾವಿಸಿದ್ದೆ. ಇದು ಬೇರೆಯೇ ಸಂಗತಿಯಾಗಿತ್ತು. ನಮ್ಮ ನಾಲಗೆಯ ಮೇಲೆ ಕೆಲವು ಶತಮಾನಗಳ ಕಾಲ ಒಂದು ಕ್ರಿಯೆ ನಡೆದಿತ್ತು. ಅದು ಎಲ್ಲಿ ನಡೆದಿತ್ತೋ ಅಲ್ಲೆಲ್ಲ ಒಂದೇ ಬಗೆಯಾಗಿ ನಡೆದಿತ್ತು.

ರಸಾಯನಶಾಸ್ತ್ರದ ವಿದ್ಯಾರ್ಥಿಗೆ ನಿಯಮ ಸಿಕ್ಕಿದೊಡನೆ ಅಪವಾದವನ್ನು ಹುಡುಕುವುದು ಅಭ್ಯಾಸ. ಹಾಗಾದರೆ 'ಅಪ್ಪ' ಏಕೆ 'ಅಹ್ಹ' ಆಗಲಿಲ್ಲ? ಉಪ್ಪು, ತುಪ್ಪ, ಸೊಪ್ಪು ಏಕೆ ಉಳಿದವು? ಪಕಾರ ಇಮ್ಮಡಿಯಾಗಿದ್ದಲ್ಲಿ ಅದು ಗಟ್ಟಿಯಾಗಿ ನಿಂತಿತು ಎಂದು ಮೂರು ದಿನದ ಮೇಲೆ ಹೊಳೆಯಿತು. ಸರಿ, 'ಪುಣ್ಯ', 'ಪಾಪ', 'ಪುಸ್ತಕ' ಇವು ಏಕೆ ಬದಲಾಗಲಿಲ್ಲ? ಅವು ಸಂಸ್ಕೃತದಿಂದ ಬಂದ ಮಾತುಗಳು ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ 'ಹಬ್ಬ' ಎದುರಿಗೆ ನಿಂತಿತು. ಅದು 'ಪರ್ವ'ದಿಂದ ಬಂದದ್ದಲ್ಲವೇ? ಪರ್ವ ಪಬ್ಬವಾಗಿ, ಪಬ್ಬ ಹಬ್ಬವಾಯಿತು. ಪಕ್ಷಿ ಪಕ್ಕಿಯಾಗಿ, ಪಕ್ಕಿ ಹಕ್ಕಿಯಾಯಿತು. ಎಂದರೆ ಈ ಮಾತುಗಳು ಬಹಳ ಹಿಂದೆಯೇ ಬಂದು ನಮ್ಮ ಮನೆಯ ಮಕ್ಕಳಾಗಿಬಿಟ್ಟಿದ್ದವು. ಮನೆಯವರಿಗೆ ಆದದ್ದೆಲ್ಲ ಅವಕ್ಕೂ ಆಯಿತು. ಪುಸ್ತಕ ನೆಂಟನಾಗಿಯೇ ಉಳಿಯಿತು. ಒಂದು ಶಬ್ದ ನಮ್ಮ ಮನೆಗೆ ಯಾವಾಗ ಬಂತೆಂದು ಅದರ ಮುಖ ನೋಡಿ ಊಹಿಸಬಹುದು! ನನ್ನ ಪ್ರಾಯೋಗಿಕ ದಾಖಲೆ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಇವನ್ನೆಲ್ಲ ಗುಂಪು ಮಾಡಿ ಬರೆದಿಟ್ಟೆ. ಮುಂದಿನ ಹಾಳೆಗಳಲ್ಲಿ ಕ್ಷಾರಲೋಹಗಳ ಗುಂಪು, ಹಿಂದಿನ ಹಾಳೆಗಳಲ್ಲಿ ಪಕಾರದ ಗುಂಪು. ಪರೀಕ್ಷಕರು ಯಾರೂ ಹಿಂದಿನಿಂದ ತೆರೆಯಲಿಲ್ಲವಾದ್ದರಿಂದ ನಾನು ಉಳಿದುಕೊಂಡೆ.

ಇವೆಲ್ಲ ವಿದ್ವಾಂಸರು ಎಂದೋ ಕಂಡು ಬರೆದಿಟ್ಟ ವಿಷಯಗಳು ಎಂದು ನಮ್ಮ ಕನ್ನಡದ ಅಧ್ಯಾಪಕರಿಂದ ತಿಳಿದಾಗ ನನಗೆ ನಿರಾಶೆಯಾಗಬೇಕಿತ್ತು. ಆಗಲಿಲ್ಲ. ಇದನ್ನು ಓದುವುದಕ್ಕೆಂದೇ ಒಂದು ವ್ಯಾಸಂಗವಿದೆ ಎಂಬುದು ನನಗೆ ಹೊಸ ಸುದ್ದಿಯಾಗಿತ್ತು. ಬಿ.ಎಸ್ಸಿ. ಫಲಿತಾಂಶ ಬಂದಾಗ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಎಲ್ಲರಿಗೂ ತಿಳಿಯುವಂತೆ ಅರ್ಜಿ ಹಾಕಿದೆ, ಕನ್ನಡ ಎಂ.ಎ.ಗೆ ಯಾರಿಗೂ ತಿಳಿಯದಂತೆ ಹಾಕಿದೆ. ಭಾಷಾಪತ್ರಿಕೆಯ ಅಂಕಗಳ ಬಲದಿಂದ ಅಲ್ಲಿಯೂ ಹೆಸರು ಬಂತು. ಇಲ್ಲಿಯೂ ಬಂತು.

ಕನ್ನಡದ ಅಧ್ಯಾಪಕರು ಸಂತೋಷಪಡುತ್ತಾರೆಂದು ಓಡಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡರು. "ಇಲ್ಲಿ ಓದಿ ಹೊರಬಿದ್ದವರು ಕೆಲಸವಿಲ್ಲದೆ ಕೂತಿದ್ದಾರೆ. ನೀನು ರಸಾಯನಶಾಸ್ತ್ರವನ್ನೇ ಓದು. ಕನ್ನಡವನ್ನು ಮನೆಯಲ್ಲಿ ಓದಿಕೋ. ಬಿ.ಜಿ.ಎಲ್. ಸ್ವಾಮಿಯವರನ್ನು ನೋಡು" ಎಂದರು. ಸ್ವಾಮಿಯವರು ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಸಸ್ಯವಿಜ್ಞಾನಿಯಾಗಿದ್ದೇ 'ಹಸುರು ಹೊನ್ನು' ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ಅವರು. ಮೈಸೂರಿನಲ್ಲಿಯೇ ರಸಾಯನಶಾಸ್ತ್ರದ ಜೆ.ಆರ್. ಲಕ್ಷ್ಮಣರಾಯರಿದ್ದರು, ಗಣಿತದ ಜಿ.ಟಿ. ನಾರಾಯಣರಾಯರಿದ್ದರು. ವಿಜ್ಞಾನವನ್ನು ಬಿಡದೆಯೇ ಕನ್ನಡಕ್ಕೆ ಕೈತುಂಬ ಕೊಟ್ಟ ಜನ. ನಮ್ಮ ಅಧ್ಯಾಪಕರ ವಾದ ಬಲವಾಗಿತ್ತು. ನನ್ನ ಆ ಮಟ್ಟಿನ ಬುದ್ಧಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಬಹಳ ದಿನಗಳ ಮೇಲೆ. ಕನ್ನಡದಲ್ಲಿ ಬರೆಯಬೇಕೆನ್ನುವವನಿಗೆ ಯಾವ ವ್ಯಾಸಂಗವಾದರೂ ಆದೀತು. ನನಗೆ ಬರೆಯುವ ಹಂಬಲ ಇರಲಿಲ್ಲ. ಒಂದೇ ಒಂದು ಪದ್ಯವನ್ನು ನಾನು ಜನ್ಮದಲ್ಲಿ ಬರೆದಿಲ್ಲ. ಕನ್ನಡ ಹೇಗೆ ಹೀಗಾಯಿತು ಎಂಬುದು ನನಗೆ ಬೇಕಾಗಿತ್ತು. ಶಾಸನ, ವ್ಯಾಕರಣ, ಛಂದಸ್ಸು, ಗ್ರಂಥಸಂಪಾದನೆ ಇವನ್ನು ಬಲ್ಲವರ ಕೆಳಗೆ ಕುಳಿತು ಕಲಿಯದೆ ಅದು ಮನೆಯಲ್ಲಿ ಬರುವ ವಿದ್ಯೆಯಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡ ಎಂ.ಎ. ಎಂಬುದೇ ದಾರಿ ಬದಲಿಸಿದವರಿಂದ ನಿಂತ ತರಗತಿ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ; ಅಲ್ಲಿ ಕನ್ನಡ ಎಂ.ಎ. ಆರಂಭವಾದದ್ದು 1927ರಲ್ಲಿ. ಕನ್ನಡನಾಡಿನ ವಿಶ್ವವಿದ್ಯಾನಿಲಯ ಕನ್ನಡಕ್ಕೆ ಬಾಗಿಲು ತೆರೆಯಲು ಹನ್ನೊಂದು ವರ್ಷ ತೆಗೆದುಕೊಂಡಿತು! ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ಯರಿದ್ದರು. ಕುವೆಂಪು ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದವರು. ಐರಿಷ್ ಕವಿ ಜೇಮ್ಸ್ ಕಸಿನ್ಸರ ಮಾತು ಅವರನ್ನು ಕನ್ನಡಕ್ಕೆ ತಿರುಗಿಸಿತೆಂಬುದು ಎಲ್ಲರೂ ಬಲ್ಲ ವಿಷಯ. ಕನ್ನಡ ತಲೆಯೆತ್ತುವ ಬಗೆಯನ್ನು 1911ರಲ್ಲಿ ಧಾರವಾಡದಲ್ಲಿ ನಿಂತು ಹೇಳಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. ಕನ್ನಡ ಎಂ.ಎ. ಮುಗಿಸಿದ ಪೂರ್ಣಚಂದ್ರ ತೇಜಸ್ವಿಯವರು ಅಧ್ಯಾಪಕರಾಗದೆ ಮೂಡಿಗೆರೆಗೆ ಹೋಗಿ ತೋಟ ಮಾಡಿದರು. ಆದರೆ ಇಂಥ ದೊಡ್ಡವರ ಹೆಸರುಗಳನ್ನು ಹೇಳಿ ನನ್ನ ನಿರ್ಧಾರಕ್ಕೆ ಗೌರವ ತಂದುಕೊಳ್ಳುವ ಆಸೆ ನನಗಿಲ್ಲ. ಅವರ ಹಿಂದೆ ಪ್ರತಿಭೆ ಇತ್ತು. ನನ್ನ ಹಿಂದೆ ಇದ್ದದ್ದು ಅಣ್ಣನ ಸಾಲ.

ಹೀಗೆ ಹೆದರಿಕೆಯಿಂದ ಎಂ.ಎಸ್ಸಿ.ಗೆ ಸೇರಿದೆ. ಅಣ್ಣ ಹೊಗೆಸೊಪ್ಪಿನ ವ್ಯಾಪಾರಿಯ ಹತ್ತಿರ ಮುಂಗಡ ತಂದು ಶುಲ್ಕ ಕೊಟ್ಟಿದ್ದ. ನಮ್ಮ ಕಡೆ ಹೊಗೆಸೊಪ್ಪಿನ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಅದಕ್ಕೆ ಮೊದಲು ಕೊಳ್ಳುವವನು ಹೇಳಿದ್ದೇ ದರ್ಜೆ, ಅವನು ಕೊಟ್ಟದ್ದೇ ಬೆಲೆ. ಮುಂಗಡ ತಂದವನಿಗಂತೂ ಬಾಯೇ ಇರಲಿಲ್ಲ. ತರಗತಿಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಪ್ರಾಧ್ಯಾಪಕರು ಒಳ್ಳೆಯವರು, ಪ್ರಯೋಗಶಾಲೆ ದೊಡ್ಡದು. ಆದರೆ ಸಂಜೆಯಾದರೆ ನನ್ನ ಕಾಲು ತಾನಾಗಿ ಕನ್ನಡ ಅಧ್ಯಯನ ಸಂಸ್ಥೆಯ ಕಡೆಗೆ ಹೋಗುತ್ತಿತ್ತು. ಅಲ್ಲಿ ಒಳಗೆ ಹೋಗಲು ಸಂಕೋಚ. ಹೊರಗಿನ ಮರದ ಕೆಳಗೆ ನಿಂತು ವಾಪಸಾಗುತ್ತಿದ್ದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ, ಇನ್ನು ಎರಡು ವರ್ಷ ಹೀಗೆ ಮರದ ಕೆಳಗೆ ನಿಲ್ಲುತ್ತೇನೆ, ಆಮೇಲೆ ಯಾವುದೋ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಲ್ಲುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ.

ಈ ನಡುವೆ ಇನ್ನೊಂದು ಸಂಗತಿ ಬಂದು ಸೇರಿತು. ಎಂ.ಎಸ್ಸಿ.ಯ ಕಾಯುವವರ ಪಟ್ಟಿಯಲ್ಲಿ ಮೊದಲನೆಯವನು ನನ್ನ ಬಿ.ಎಸ್ಸಿ. ಸಹಪಾಠಿ. ನನಗಿಂತ ಬಡವ, ನನಗಿಂತ ರಸಾಯನಶಾಸ್ತ್ರವನ್ನು ಹೆಚ್ಚು ಪ್ರೀತಿಸಿದವನು. ಪರೀಕ್ಷೆಯ ಹೊತ್ತಿಗೆ ಕಾಮಾಲೆಯಾಗಿ ಅಂಕ ಕಡಿಮೆಯಾಗಿತ್ತು. ನಾನು ಎದ್ದರೆ ಅವನು ಕುಳಿತುಕೊಳ್ಳುತ್ತಾನೆ. ಈ ವಿಚಾರ ಹೊಳೆದ ರಾತ್ರಿ ನನಗೆ ಬಹಳ ಉದಾತ್ತನಾದಂತೆ ಅನ್ನಿಸಿತು. ಸ್ನೇಹಿತನಿಗಾಗಿ ಸ್ಥಾನ ತ್ಯಾಗ! ಬೆಳಗ್ಗೆ ಎದ್ದು ನೋಡಿದರೆ ಅದು ಬರಿಯ ಸುಳ್ಳು. ಅವನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ನಾನು ಆ ಮರದ ಕೆಳಗೆ ನಿಲ್ಲುತ್ತಿದ್ದೆ. ಮನುಷ್ಯ ತನಗೆ ಬೇಕಾದದ್ದನ್ನು ಮಾಡುವಾಗ ಪಕ್ಕದಲ್ಲಿ ಒಬ್ಬ ಫಲಾನುಭವಿಯನ್ನು ನಿಲ್ಲಿಸಿಕೊಳ್ಳಲು ಹವಣಿಸುತ್ತಾನೆ. ಆ ಗೆಳೆಯ ಈಗಲೂ ಸಿಕ್ಕಿದಾಗ "ನೀನು ಬಿಟ್ಟುಕೊಟ್ಟ ಸೀಟು" ಎನ್ನುತ್ತಾನೆ. ನಾನು ಪ್ರತಿಸಲವೂ ತಿದ್ದುತ್ತೇನೆ, ಅವನು ಒಪ್ಪುವುದಿಲ್ಲ.

ಹತ್ತನೆಯ ದಿನ, ಒಂದು ಶುಕ್ರವಾರ, ವಿಭಾಗದ ಮುಖ್ಯಸ್ಥರ ಕೊಠಡಿಗೆ ಹೋಗಿ ಹೆಸರು ತೆಗೆಸಬೇಕೆಂದು ಅರ್ಜಿ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು. "ರಸಾಯನಶಾಸ್ತ್ರ ಕಷ್ಟವಾಯಿತೋ, ಕನ್ನಡ ಇಷ್ಟವಾಯಿತೋ?" ಎಂದು ಕೇಳಿದರು. "ಕಷ್ಟವಾಗಿ ಬಿಡುವುದಾದರೆ ನಾನು ಸಹಿ ಹಾಕುವುದಿಲ್ಲ. ಕಷ್ಟ ಎಲ್ಲರಿಗೂ ಆಗುತ್ತದೆ, ಮೂರು ತಿಂಗಳಲ್ಲಿ ಹೋಗುತ್ತದೆ." ನಾನು ಕಷ್ಟವಾಗಿಲ್ಲ ಎಂದೆ. ನನ್ನ ದಾಖಲೆ ಪುಸ್ತಕವನ್ನು ಹಿಂದಿನಿಂದ ತೆರೆದು ತೋರಿಸಿದೆ. ಅವರು ಪಕಾರದ ಗುಂಪುಗಳನ್ನು ಬಹಳ ಹೊತ್ತು ನೋಡಿದರು. ಅವರ ಮನೆಮಾತು ತೆಲುಗು. "ನಮ್ಮಲ್ಲೂ ಪುಲಿ, ಪಾಲು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, "ಶುಲ್ಕ ಕಟ್ಟಿದವರು ಯಾರು?" ಎಂದರು. ಅಣ್ಣ ಎಂದೆ. "ಅವರಿಗೆ ಹೇಳಿ ಸೋಮವಾರ ಬಾ. ಅಂದೇ ಸಹಿ ಹಾಕುತ್ತೇನೆ."

ಶನಿವಾರ ತರಗತಿ ಮುಗಿಸಿ ಊರಿಗೆ ಹೋದಾಗ ಕತ್ತಲಾಗಿತ್ತು. ಅಣ್ಣ ಮನೆಯಲ್ಲಿರಲಿಲ್ಲ, ಬ್ಯಾರನ್ನಿಗೆ ಅಂದೇ ಎರಡನೆಯ ದಿನದ ಬೆಂಕಿ. ಈ ಕೆಲಸವನ್ನು ಕಾಣದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆಯನ್ನು ಬ್ಯಾರನ್ನಿನೊಳಗೆ ಅಟ್ಟಣೆ ಅಟ್ಟಣೆಯಾಗಿ ತೂಗುಹಾಕಿ ಬಾಗಿಲು ಮುಚ್ಚುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ತಗಡಿನ ಕೊಳವೆಗಳ ಮೂಲಕ ಬಿಸಿ ಒಳಗೆ ಹರಿಯುತ್ತದೆ. ಮೊದಲು ಸುಮಾರು 95 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಎಲೆ ಹಳದಿಯಾಗಬೇಕು. ಆ ಮೇಲೆ ಶಾಖವನ್ನು ಮೆಲ್ಲಮೆಲ್ಲಗೆ ಏರಿಸುತ್ತ, ಐದಾರು ದಿನದಲ್ಲಿ 160ರ ಹತ್ತಿರಕ್ಕೆ ತಂದು ನಡುನರವನ್ನು ಒಣಗಿಸಬೇಕು. ಹಳದಿಯಾಗುವ ಹಂತದಲ್ಲಿ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಅವಸರಪಟ್ಟು ಶಾಖ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ; ತಡಮಾಡಿದರೆ ಎಲೆ ಕಂದುತ್ತದೆ. ಒಂದು ರಾತ್ರಿ ನಿದ್ದೆಮಾಡಿದರೆ ಒಂದು ಬ್ಯಾರನ್ ಎಲೆ ಹಾಳು. ನನ್ನ ಅಣ್ಣ ಆ ಹೊತ್ತಿಗೆ ಹತ್ತು ವರ್ಷದಿಂದ ಅಂಥ ರಾತ್ರಿಗಳನ್ನು ಕಾದಿದ್ದ.

"ಏನ್ಲಾ ಇಷ್ಟೊತ್ನಲ್ಲಿ? ಜ್ವರ ಗಿರ ಏನಾರ ಬಂತಾ?" ಎಂದ. ನಾನು ಒಲೆಯ ಮುಂದೆ ಕುಳಿತು ಹೇಳಿದೆ. ಹೇಳುವುದು ಮುಗಿದ ಮೇಲೂ ಅವನು ಮಾತನಾಡಲಿಲ್ಲ. ಎದ್ದು ಬಾಗಿಲ ಸಣ್ಣ ಗಾಜಿಗೆ ಬ್ಯಾಟರಿ ಬಿಟ್ಟು ಒಳಗಿನ ಉಷ್ಣಮಾಪಕವನ್ನು ನೋಡಿದ. ಎರಡು ಸೌದೆ ತುರುಕಿದ.

"ಅದ್ನ ಓದಿದ್ರೆ ಏನಾಯ್ತೀಯ?"

"ಮೇಷ್ಟ್ರಾಗಬೋದು."

"ಇದ್ನ ಓದಿದ್ರೂ ಮೇಷ್ಟ್ರಾಗಬೋದಲ್ಲ. ಫ್ಯಾಕ್ಟರಿ ಕೆಲ್ಸಾನೂ ಸಿಗ್ತದಲ್ಲ."

ಹೌದು ಎಂದೆ. ಮತ್ತೆ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನು ಹೇಳಿದ ಮಾತನ್ನು ನಾನು ಇಂದಿಗೂ ಮರೆತಿಲ್ಲ. "ನೀನು ಕೆಮಿಸ್ಟ್ರಿ ಓದ್ಕೊಂಡು ಬಂದು ಈ ಎಲೆಗೆ ಯಾಕೆ ಒಂದೊಂದ್ಸಲ ಬಣ್ಣ ಬರಲ್ಲ ಅಂತ ನಂಗೆ ಹೇಳ್ತೀಯ ಅಂತಿದ್ದೆ ಕಣೋ." ಪಿಷ್ಟ ಸಕ್ಕರೆಯಾಗುವ ವಿಷಯವನ್ನು ಎರಡು ವರ್ಷ ಹಿಂದೆ ನಾನೇ ಅವನಿಗೆ ಜಂಬದಿಂದ ಹೇಳಿದ್ದೆ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದದ್ದಕ್ಕಾಗಿ ಕಾಯುತ್ತಿದ್ದಾನೆಂದು ನನಗೆ ತಿಳಿದೇ ಇರಲಿಲ್ಲ. ನನ್ನ ಓದಿನಿಂದ ಅವನಿಗೆ ಹಣ ಬೇಕಾಗಿದೆ ಎಂದು ನಾನು ಭಾವಿಸಿದ್ದೆ. ಅವನಿಗೆ ಬೇಕಾಗಿದ್ದದ್ದು ಒಂದು ಉತ್ತರ.

ಏನು ಹೇಳಲೂ ತೋಚದೆ, ತಪ್ಪಿತಸ್ಥರು ಹೆಚ್ಚು ಮಾತನಾಡುವಂತೆ, ನಾನು ಕನ್ನಡ ಓದುವುದೆಂದರೇನೆಂದು ವಿವರಿಸಲು ಹೊರಟೆ. "ಈಗ ನೀನು ಹದ ಅಂತೀಯಲ್ಲ, ಅದು ಹಿಂದೆ ಪದ ಅಂತಿತ್ತು. ತಮಿಳಿನವರು ಈಗಲೂ ಪದಂ ಅಂತಾರೆ" ಎಂದೆ. ಅಣ್ಣ ನನ್ನನ್ನು ದಿಟ್ಟಿಸಿ ನೋಡಿದ. "ಪದ ಹೋಗಿ ಹದ ಆಯ್ತು, ಸರಿ. ಅದ್ನ ತಿಳ್ಕೊಂಡು ಏನ್ ಮಾಡ್ತೀಯ?" ಎಂದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗಿನವರೆಗೆ ಇಬ್ಬರೂ ಒಲೆಯ ಮುಂದೆ ಕುಳಿತಿದ್ದೆವು. ಅವನು ಬೇಡವೆನ್ನಲಿಲ್ಲ, ಆಗಲಿ ಎನ್ನಲಿಲ್ಲ. ಭಾನುವಾರ ಸಂಜೆ ಬಸ್ಸಿಗೆ ಹೊರಟಾಗ, "ಕಟ್ಟಿದ್ ದುಡ್ಡಲ್ಲಿ ಎಷ್ಟು ವಾಪಸ್ ಕೊಡ್ತಾರೆ ಕೇಳು" ಎಂದಷ್ಟೇ ಅಂದ. ಅದನ್ನೇ ಒಪ್ಪಿಗೆ ಎಂದುಕೊಂಡು ಸೋಮವಾರ ಸಹಿ ಹಾಕಿಸಿಕೊಂಡೆ. ಅದು ಒಪ್ಪಿಗೆಯಾಗಿರಲಿಲ್ಲ. ಮುಂದಿನ ಆರು ತಿಂಗಳು ನನ್ನ ಕಾಗದಗಳಿಗೆಲ್ಲ ಅಮ್ಮನ ಹೆಸರಿನಲ್ಲಿ ಪಕ್ಕದ ಮನೆಯ ಹುಡುಗ ಉತ್ತರ ಬರೆಯುತ್ತಿದ್ದ.

ಎಂ.ಎ.ಯ ಎರಡು ವರ್ಷಗಳ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ತಿಂಗಳು ನಿರಾಶೆಯೇ ಆಯಿತು. ವಿಮರ್ಶೆಯ ತರಗತಿಗಳಲ್ಲಿ ದೊಡ್ಡ ಮಾತುಗಳು ಹಾರಾಡುತ್ತಿದ್ದವು. ಯಾವುದನ್ನೂ ಪ್ರನಾಳದಲ್ಲಿ ಹಾಕಿ ನೋಡುವಂತಿರಲಿಲ್ಲ. ಒಮ್ಮೆ ರನ್ನನ ಒಂದು ಪದ್ಯವನ್ನು ಲವಣದಂತೆ ವಿಶ್ಲೇಷಿಸಿ ಬರೆದುಕೊಟ್ಟಾಗ ಗುರುಗಳು, "ಎಲ್ಲ ಸರಿಯಾಗಿದೆ, ಪದ್ಯ ಮಾತ್ರ ಕಾಣಿಸುತ್ತಿಲ್ಲ" ಎಂದು ಬರೆದರು. ಗ್ರಂಥಸಂಪಾದನೆಗೆ ಬಂದಾಗ ನೆಲ ಸಿಕ್ಕಿತು. ನಾಲ್ಕು ಓಲೆಪ್ರತಿಗಳಲ್ಲಿ ನಾಲ್ಕು ಪಾಠಗಳಿರುವಾಗ, ಯಾವುದು ಕವಿಯದು, ಯಾವುದು ನಕಲುಗಾರನ ನಿದ್ದೆಯದು ಎಂದು ನಿರ್ಧರಿಸುವುದಕ್ಕೆ ಪ್ರಯೋಗಶಾಲೆಯಲ್ಲಿ ಕಲಿತ ಶಿಸ್ತು ಒದಗಿತು. ಕಂಡದ್ದನ್ನು ಕಂಡಂತೆ ಬರೆ, ಬೇಕಾದದ್ದನ್ನು ಕಾಣಬೇಡ. ಡಿ.ಎಲ್.ಎನ್. ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದುವಾಗ ನನಗೆ ಹಳೆಯ ಪರಿಚಿತರ ಮನೆಗೆ ಬಂದಂತಾಯಿತು. 1982ರಲ್ಲಿ ಗೋಕಾಕ್ ವರದಿಯ ಚಳವಳಿ ಎದ್ದಿತು. ನಾವೆಲ್ಲ ಮೆರವಣಿಗೆಯಲ್ಲಿ ನಡೆದೆವು. ಇನ್ನು ಕನ್ನಡ ಓದಿದವರಿಗೆ ಕೆಲಸಕ್ಕೆ ಬರವಿಲ್ಲ ಎಂದು ಊರವರು ಅಮ್ಮನಿಗೆ ಹೇಳಿದರಂತೆ. 1983ರಲ್ಲಿ ಹೊರಬಂದಾಗ ಬರವಿತ್ತು.

ನಾಲ್ಕು ವರ್ಷ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದೆ. ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದೆ. ಅಲ್ಲಿ ಸಹಿ ಹಾಕಿದ ಸಂಬಳ ಬೇರೆ, ಕೈಗೆ ಬಂದದ್ದು ಬೇರೆ. ರಸಾಯನಶಾಸ್ತ್ರ ಓದಿದ ಆ ಗೆಳೆಯ ಔಷಧ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಮದುವೆಯಾದ. ಆಹ್ವಾನಪತ್ರಿಕೆಯ ಕರಡನ್ನು ತಿದ್ದಿದವನು ನಾನೇ. ಆ ದಿನಗಳಲ್ಲಿ ನಾನು ಪಶ್ಚಾತ್ತಾಪಪಟ್ಟೆನೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪಟ್ಟೆ. ತಿಂಗಳ ಕೊನೆಯ ವಾರದಲ್ಲಿ ಪಡುತ್ತಿದ್ದೆ, ಮೊದಲ ವಾರದಲ್ಲಿ ಮರೆಯುತ್ತಿದ್ದೆ. 1987ರಲ್ಲಿ ಕಾಯಂ ಕೆಲಸ ಸಿಕ್ಕಿದ ಮೇಲೆ ಪಶ್ಚಾತ್ತಾಪವೂ ನಿಂತಿತು. ಅದರಿಂದ ನಿರ್ಧಾರ ಸರಿಯಾಗಿತ್ತೆಂದು ಸಿದ್ಧವಾಗುವುದಿಲ್ಲ. ಸಂಬಳ ಸರಿಯಾಗಿ ಬಂತೆಂದಷ್ಟೇ ಸಿದ್ಧವಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ಹೋದರೆ ಅಪ್ರಾಮಾಣಿಕತೆಯಾದೀತು. ನಾನು ನಿವೃತ್ತನಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲು ನಮ್ಮ ಎಂ.ಎ. ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೇರೆಲ್ಲಿಯೂ ಸ್ಥಾನ ಸಿಗದೆ ಕನ್ನಡಕ್ಕೆ ಬರುವವರೇ ಹೆಚ್ಚಾಗಿದ್ದ ಆ ಕಾಲದಲ್ಲಿ ಶಬ್ದಮಣಿದರ್ಪಣವನ್ನು ಆಸೆಪಟ್ಟು ಓದಿದವಳು. ಅವಳು ಸಂಶೋಧನೆಗೆ ಬರುತ್ತಾಳೆ, ನನ್ನ ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸುತ್ತಾಳೆ ಎಂದು ನಾನು ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಂಡಿದ್ದೆ. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಅವಳು ಬಂದು, ಕಾನೂನು ಓದಲು ಹೋಗುತ್ತೇನೆ, ವರ್ಗಾವಣೆ ಪತ್ರ ಬೇಕು ಎಂದಳು. ನಾನು ಏನೆಂದೆ ಗೊತ್ತೇ? "ಕನ್ನಡಕ್ಕೆ ಕೈಕೊಡುತ್ತೀಯಾ?" ಎಂದೆ. ಇಷ್ಟು ಹೇಳಿದ್ದು ಸಾಲದೆಂದು, ಇಂಥವರಿಂದಲೇ ಕನ್ನಡ ಹೀಗಾಗಿರುವುದು ಎಂದೂ ಸೇರಿಸಿದೆ. ಅವಳ ಮನೆಯ ಜಮೀನಿನ ವ್ಯಾಜ್ಯವೊಂದು ಹದಿನಾಲ್ಕು ವರ್ಷದಿಂದ ನ್ಯಾಯಾಲಯದಲ್ಲಿತ್ತಂತೆ. ವಕೀಲರು ಬರೆದದ್ದು ತಂದೆಗೆ ಅರ್ಥವಾಗುತ್ತಿರಲಿಲ್ಲ, ತಂದೆ ಹೇಳಿದ್ದು ವಕೀಲರ ಬರಹದಲ್ಲಿ ಇರುತ್ತಿರಲಿಲ್ಲ. "ಸಾರ್, ನಾನು ಬಿಡ್ತಿರೋದು ಎಂ.ಎ.ನ. ಕನ್ನಡಾನ ಅಲ್ಲ" ಎಂದಳು.

ನಾನು ಅಂದು ಸಹಿ ಹಾಕಲಿಲ್ಲ. ಯೋಚನೆ ಮಾಡಿ ಬಾ ಎಂದು ಕಳುಹಿಸಿದೆ. ಅವಳು ಯೋಚನೆ ಮಾಡಿಯೇ ಬಂದಿದ್ದಳು, ಮಾಡದಿದ್ದವನು ನಾನು. ತೆಲುಗು ಮನೆಮಾತಿನ ಆ ರಸಾಯನಶಾಸ್ತ್ರದ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಯನ್ನು ಕಳೆದುಕೊಳ್ಳುತ್ತಿದ್ದಾಗ ರಸಾಯನಶಾಸ್ತ್ರಕ್ಕೆ ಕೈಕೊಡುತ್ತೀಯಾ ಎಂದು ಕೇಳಿರಲಿಲ್ಲ. ಎರಡು ರಾತ್ರಿ ಇದೇ ತಲೆಯಲ್ಲಿ ಸುತ್ತಿತು. ಮೂರನೆಯ ದಿನ ನಾನೇ ಹೇಳಿಕಳುಹಿಸಿ ಸಹಿ ಮಾಡಿಕೊಟ್ಟೆ. ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವಳು ಬಹಳ ಮುಜುಗರಪಟ್ಟಳು. ಈಗ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲೆಯಾಗಿದ್ದಾಳೆ. ಕಕ್ಷಿದಾರರಿಗೆ ತಾನು ಬರೆದುಕೊಟ್ಟ ಒಂದು ಕಾಗದದ ಪ್ರತಿಯನ್ನು ಒಮ್ಮೆ ನನಗೆ ಕಳುಹಿಸಿದ್ದಳು. ಕನ್ನಡ ಬಹಳ ಚೆನ್ನಾಗಿತ್ತು. ಒಂದು ಕಡೆ ವಿಭಕ್ತಿ ತಪ್ಪಿತ್ತು; ಅದನ್ನು ತಿದ್ದಿ ವಾಪಸು ಕಳುಹಿಸಿದೆ.

ಅಣ್ಣನಿಗೆ ಈಗ ಎಪ್ಪತ್ತು ದಾಟಿದೆ. ಹೊಗೆಸೊಪ್ಪು ಬಿಟ್ಟು ವರ್ಷಗಳಾದವು. ಸೌದೆ ಹೊಂದಿಸುವುದು, ಆಳು ಹೊಂದಿಸುವುದು ಎರಡೂ ಕೈಲಾಗದಾಯಿತು. ಹೊಲದಲ್ಲಿ ಈಗ ಶುಂಠಿ, ರಾಗಿ. ಬ್ಯಾರನ್ನಿನಲ್ಲಿ ಹಳೆಯ ನೇಗಿಲು, ಮುರಿದ ಮಂಚ. ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅತ್ತಿಗೆ ಒಲೆಯ ಮೇಲೆ ಬೆಲ್ಲದ ಪಾಕವಿಟ್ಟಿದ್ದರು. ಅಣ್ಣನ ಮೊಮ್ಮಗಳು ಮೊಣಕಾಲೂರಿ ಕುಳಿತು ಪಾಕವನ್ನೇ ನೋಡುತ್ತ, ಆಯ್ತಾ ಆಯ್ತಾ ಎನ್ನುತ್ತಿದ್ದಳು. "ಇನ್ನೂ ಹದ ಬಂದಿಲ್ಲ, ತಡಿ" ಎಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ನೋಡದೆ, ಅವಳಿಗೆ ಹೇಳಿದ: "ಹದ ಅನ್ನದು ಹಿಂದೆ ಪದ ಅಂತಿತ್ತಂತೆ. ನಿಮ್ ಚಿಕ್ತಾತ ಇದ್ನ ತಿಳ್ಕೊಳಕ್ಕೇ ಅಂತ ಎಮ್ಮೆಸ್ಸಿ ಬಿಟ್ಬುಟ್ಟ."

ಮಗು ನಗಲಿಲ್ಲ. "ಪದ ಯಾಕೆ ಹದ ಆಯ್ತು?" ಎಂದು ಕೇಳಿತು. ಅಣ್ಣ ನನ್ನ ಮುಖ ನೋಡಿದ.

ನಾನು ಹುಲಿಯಿಂದ ಪ್ರಾರಂಭಿಸಿದೆ.